ಸ್ಯಾಂಪಲ್ಲಿನ ಆಚೆಗಿದ್ದ ತೋಳು

16 ವರ್ಷಗಳ ಕಾಲ ನಾನು ದಿನಕ್ಕೆ ಒಂದೆರಡು ಬಾರಿಯಾದರೂ ಫೋನಿನಲ್ಲಿ ಹೇಳುತ್ತಿದ್ದ ಮಾತೊಂದಿತ್ತು: "ಸಿಸ್ಟರ್, ಸ್ಯಾಂಪಲ್ ಹಿಮೋಲೈಸ್ ಆಗಿದೆ, ಮತ್ತೆ ಕಳಿಸಿ." ಇಷ್ಟು ಹೇಳಿ ಫೋನ್ ಇಡಲು ಐದಾರು ಸೆಕೆಂಡು ಸಾಕಾಗುತ್ತಿತ್ತು. ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ನನ್ನ ಮಟ್ಟಿಗೆ ಅದು ನೂರಕ್ಕೆ ನೂರು ಸರಿಯಾದ ಮಾತು. ಹಿಮೋಲೈಸ್ ಎಂದರೆ ಕೆಂಪು ಕಣಗಳು ಒಡೆಯುವುದು. ರಕ್ತ ತೆಗೆಯುವಾಗ ಹಾಗೆ ಒಡೆದರೆ ಅವುಗಳ ಒಳಗಿರುವ ಪೊಟ್ಯಾಸಿಯಂ ಹೊರಗೆ ಚೆಲ್ಲಿ ರಕ್ತದ ತಿಳಿ ದ್ರವವಾದ ಸೀರಮ್ಮಿನಲ್ಲಿ ಬೆರೆಯುತ್ತದೆ, ಲೀಟರಿಗೆ 3.5ರಿಂದ 5 ಮಿಲಿಮೋಲ್‌ನ ಆಸುಪಾಸಿನಲ್ಲಿರಬೇಕಾದ ಅಂಶ 6.8 ಎಂದು ಬಂದುಬಿಡುತ್ತದೆ. ಆ ಅಂಕಿಯನ್ನು ನಿಜವೆಂದು ನಂಬಿ ಚಿಕಿತ್ಸೆ ಶುರು ಮಾಡಿದರೆ ಇಲ್ಲದ ತೊಂದರೆಗೆ, ಪೊಟ್ಯಾಸಿಯಂ ಇಳಿಸಲೆಂದು, ಇನ್ಸುಲಿನ್ ಕೊಟ್ಟಂತಾಗುತ್ತದೆ. ರಕ್ತವನ್ನು ಗಿರಗಿರನೆ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜಿನಿಂದ ಹೊರತೆಗೆದ ಟ್ಯೂಬಿನಲ್ಲಿ ತಿಳಿಹಳದಿಯಾಗಿರಬೇಕಾದ ಸೀರಮ್ ಗುಲಾಬಿಗೆ ತಿರುಗಿರುವುದನ್ನು ಕಂಡ ಕೂಡಲೇ ನನ್ನ ಕೈ ಫೋನಿನತ್ತ ಹೋಗುತ್ತಿತ್ತು. ಆ ಐದು ಸೆಕೆಂಡಿನ ಮಾತನ್ನು ಕೇಳಿಸಿಕೊಂಡವರು ಮುಂದೆ ಏನು ಮಾಡುತ್ತಾರೆ ಎಂಬುದನ್ನು ನಾನು ಯೋಚಿಸಿದವಳೇ ಅಲ್ಲ.

41ನೆಯ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು ನರ್ಸಿಂಗ್ ಓದಲು ಸೇರಿದೆ. ಕೇಳಿದವರಲ್ಲಿ ಹೆಚ್ಚಿನವರು ಇದರ ಹಿಂದೆ ಒಂದು ಕಥೆ ಇದ್ದೇ ಇರಬೇಕು ಎಂದುಕೊಳ್ಳುತ್ತಾರೆ: ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಇದ್ದ ಕೆಲಸ ಹೋಗಿರಬೇಕು. ಎರಡೂ ಅಲ್ಲ. ಲ್ಯಾಬಿನ ಕೆಲಸ ನನಗೆ ಬೇಸರವೂ ಆಗಿರಲಿಲ್ಲ. ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿಯನ್ನು ತೆಳುವಾಗಿ ಎಳೆದು, ಒಣಗಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವಾಗ ಸಿಗುತ್ತಿದ್ದ ನೆಮ್ಮದಿಗೆ ಸಮನಾದದ್ದು ಇವತ್ತಿಗೂ ನನಗೆ ಸಿಕ್ಕಿಲ್ಲ. ಆದರೆ ಕೆಲಸದ ಸ್ವರೂಪ ಬದಲಾಗುತ್ತಾ ಬಂದಿತ್ತು. ಎಣಿಕೆಯನ್ನು ಯಂತ್ರಗಳು ಮಾಡತೊಡಗಿದವು, ಸಹಜ ಮಿತಿಯೊಳಗಿನ ವರದಿಗಳು ಯಾರ ಕಣ್ಣಿಗೂ ಬೀಳದೆ ತಂತ್ರಾಂಶದಿಂದ ನೇರವಾಗಿ ವಾರ್ಡಿಗೆ ಹೋಗತೊಡಗಿದವು, ನಮ್ಮ ಪಾಲಿಗೆ ಉಳಿದದ್ದು ಯಂತ್ರ ಒಪ್ಪದ ಸ್ಯಾಂಪಲ್ಲುಗಳು ಮತ್ತು ಆಗಾಗ ಯಂತ್ರದ ಮುನಿಸು.

ಒಂದು ರಾತ್ರಿ ಪಾಳಿಯಲ್ಲಿ ನಡೆದದ್ದನ್ನು ಮಾತ್ರ ಇಲ್ಲಿ ಹೇಳಬೇಕು. ಯುವಕನೊಬ್ಬನ ರಕ್ತದ ಸ್ಮಿಯರಿನಲ್ಲಿ, ಎಂದರೆ ಸ್ಲೈಡಿನ ಮೇಲೆ ಎಳೆದ ತೆಳು ಪದರದಲ್ಲಿ, ಇರಬಾರದ ಕಣಗಳು ಕಂಡವು. ದೊಡ್ಡ ನ್ಯೂಕ್ಲಿಯಸ್ಸಿನ, ಬಲಿಯದ ಬಿಳಿಕಣಗಳು. ನಾವು ಬ್ಲಾಸ್ಟ್ ಎನ್ನುವವು, ರಕ್ತದ ಕ್ಯಾನ್ಸರಿನ ಶಂಕೆ ಹುಟ್ಟಿಸುವವು. ಖಚಿತಪಡಿಸಿಕೊಳ್ಳಲು ಇನ್ನೊಂದು ಸ್ಯಾಂಪಲ್ ಬೇಕಾಗಿತ್ತು, ವಾರ್ಡಿನಲ್ಲಿ ಜನ ಕಡಿಮೆ ಇದ್ದುದರಿಂದ ನಾನೇ ಹೋದೆ. ಎಚ್ಚರವಾಗಿಯೇ ಇದ್ದ ಅವನು ತೋಳು ಚಾಚಿದವನೇ, "ಮೊದಲನೇ ಟೆಸ್ಟಲ್ಲಿ ಏನು ಬಂತು ಮೇಡಂ?" ಎಂದು ಕೇಳಿದ. ಹೇಳುವ ಅಧಿಕಾರ ನನಗಿರಲಿಲ್ಲ, ಇರಬಾರದು ಕೂಡ. "ಡಾಕ್ಟರು ಹೇಳ್ತಾರೆ" ಎಂದು ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡುತ್ತಾ ನಿಂತೆ. ಅಷ್ಟರಲ್ಲಿ ಪಾಳಿಯ ನರ್ಸ್ ಬಂದರು. ಅವರಿಗೆ ಸ್ಮಿಯರಿನ ವಿಷಯ ಇನ್ನೂ ಗೊತ್ತಿರಲಿಲ್ಲ. ಅವನ ಮುಖ ನೋಡಿ, ಹಾಸಿಗೆಯ ತಲೆಭಾಗವನ್ನು ಸ್ವಲ್ಪ ಎತ್ತರಿಸಿ, ಸ್ಟೂಲ್ ಎಳೆದುಕೊಂಡು ಕೂತು, "ನಿದ್ದೆ ಬರ್ತಿಲ್ವಾ?" ಎಂದರು. ಅವನು ಹತ್ತು ನಿಮಿಷ ಮಾತಾಡಿದ, ರೋಗದ ಬಗ್ಗೆ ಒಂದೇ ಒಂದು ಮಾತನ್ನೂ ಆಡದೆ. ಅವನ ರಕ್ತದ ಬಗ್ಗೆ ಆ ಹೊತ್ತಿನಲ್ಲಿ ಆ ಕಟ್ಟಡದಲ್ಲಿ ನನ್ನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ಅವನಿಗೆ ನನ್ನಿಂದ ಆಗುವಂಥದ್ದೂ ಏನೂ ಇರಲಿಲ್ಲ.

ಆ ರಾತ್ರಿಯೇ ತೀರ್ಮಾನಿಸಿದೆ ಎಂದರೆ ಸುಳ್ಳಾಗುತ್ತದೆ. ಅದಾದ ಮೇಲೆ ಮೂರು ವರ್ಷ ಲೆಕ್ಕ ಹಾಕುವುದರಲ್ಲೇ ಕಳೆಯಿತು: ಓದುವಷ್ಟು ದಿನ ಸಂಬಳವಿಲ್ಲದ ಬದುಕು, ಆಮೇಲೆ ಹೊಸಬರ ಸಂಬಳ, ಇಷ್ಟು ವರ್ಷಗಳ ಸೇವಾ ಹಿರಿತನ ಒಮ್ಮೆಗೇ ಸೊನ್ನೆ. ಆರೋಗ್ಯ ಕ್ಷೇತ್ರದೊಳಗೇ ಇದ್ದವಳಾದ್ದರಿಂದ ಓದು ಅರ್ಧಕ್ಕರ್ಧ ಇಳಿದೀತು ಎಂಬ ಆಸೆ ನನಗೂ ಇತ್ತು. ಕೆಲವೊಂದು ಥಿಯರಿ ವಿಷಯಗಳಿಗೆ ವಿನಾಯಿತಿ ಕೊಡುವ ಕಡೆಗಳಿವೆ, ಆದರೆ ರೋಗಿಯ ಬಳಿ ಕಳೆಯಬೇಕಾದ ಗಂಟೆಗಳ ವಿಷಯದಲ್ಲಿ ಯಾರೂ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮವನ್ನೇ ನೋಡಿದರೆ, ಸಾಮಾನ್ಯ ನರ್ಸಿಂಗ್ ತರಬೇತಿಗೆ ಕನಿಷ್ಠ 3 ವರ್ಷ, 4,600 ಗಂಟೆ ಬೇಕು. ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಗಂಟೆಗಳು ರೋಗಿಗಳ ನಡುವಿನ ಕಲಿಕೆಗೇ ಮೀಸಲು. ಮೊದಲು ಇದು ನನಗೆ ಹಟಮಾರಿತನದಂತೆ ಕಂಡಿತ್ತು. ಮೊದಲ ತಿಂಗಳು ವಾರ್ಡಿನಲ್ಲಿ ಕಳೆದ ಮೇಲೆ ಆ ಲೆಕ್ಕ ಕಡಿಮೆಯೇ ಆಯಿತೇನೋ ಎನ್ನಿಸಿತು.

ತರಗತಿಯಲ್ಲಿ ನನ್ನ ಅಕ್ಕಪಕ್ಕ ಕೂತವರಿಗೆ ಹತ್ತೊಂಬತ್ತು, ಇಪ್ಪತ್ತರ ಪ್ರಾಯ. ಪಾಠ ಮಾಡುವವರೂ ನನಗಿಂತ ಚಿಕ್ಕವರು. ಅಂಗರಚನೆ, ಸೂಕ್ಷ್ಮಜೀವಿ ಶಾಸ್ತ್ರಗಳಲ್ಲಿ ಮಕ್ಕಳು ನನ್ನ ನೋಟ್ಸ್ ಎರವಲು ಪಡೆಯುತ್ತಿದ್ದರು. ಪರೀಕ್ಷೆಯಲ್ಲಿ ಅದೇ ಮಕ್ಕಳು ನನಗಿಂತ ಹೆಚ್ಚು ಅಂಕ ಗಳಿಸುತ್ತಿದ್ದರು. ನೆನಪಿನ ವಿಷಯದಲ್ಲಿ ನಲವತ್ತಕ್ಕೂ ಇಪ್ಪತ್ತಕ್ಕೂ ಪೈಪೋಟಿಯೇ ಇಲ್ಲ, ಅದರಲ್ಲಿ ಅವಮಾನವೂ ಇಲ್ಲ. ಅವಮಾನವಾದದ್ದು ಬೇರೆಡೆ. ಮಂಚದ ಮೇಲೆ ರೋಗಿ ಇದ್ದಂತೆಯೇ ಹಾಸಿಗೆಯ ಬಟ್ಟೆ ಬದಲಿಸುವುದನ್ನು ಕಲಿಸುವ ದಿನ, ಲಕ್ಷಾಂತರ ಸ್ಯಾಂಪಲ್ಲುಗಳನ್ನು ತಪ್ಪಿಲ್ಲದೆ ದಾಟಿಸಿದ್ದ ನನ್ನ ಎರಡು ಕೈಗಳು ಬೆಪ್ಪಾಗಿ ನಿಂತವು. ಒಂದು ಬದಿಗೆ ಹೊರಳಿಸಿದ ವ್ಯಕ್ತಿಯ ಬೆನ್ನಿಗೆ ಆಸರೆ ಕೊಡಬೇಕು, ಹಳೆಯ ಬಟ್ಟೆಯನ್ನು ಉದ್ದಕ್ಕೆ ಸುತ್ತಿ ಬೆನ್ನಿನಡಿ ತಳ್ಳಬೇಕು, ಹೊಸದನ್ನು ಅದರ ಪಕ್ಕಕ್ಕೇ ಹಾಸಬೇಕು, ಇಷ್ಟರ ನಡುವೆ ಮೈ ಮುಚ್ಚಿರಬೇಕು, ಮಾತೂ ನಿಲ್ಲಬಾರದು. ನಾನು ಮಾತನ್ನೂ ಹೊದಿಕೆಯನ್ನೂ ಒಟ್ಟಿಗೇ ಮರೆತಿದ್ದೆ.

ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರ್ಸ್ ಒಬ್ಬರು ಹೊಸಬರಿಂದ ಪರಿಣತರಾಗುವವರೆಗಿನ ಹಾದಿಯನ್ನು ಐದು ಹಂತಗಳಲ್ಲಿ ವಿವರಿಸಿದ್ದಾರೆ. ಅದಕ್ಕೆ ಅವರು ಆಧಾರವಾಗಿ ತೆಗೆದುಕೊಂಡದ್ದು ಡ್ರೈಫಸ್ ಸಹೋದರರು ಚದುರಂಗದ ಆಟಗಾರರನ್ನೂ ವಿಮಾನದ ಪೈಲಟ್‌ಗಳನ್ನೂ ಗಮನಿಸಿ ರೂಪಿಸಿದ ಮಾದರಿಯನ್ನು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪರಿಣತರಿಗೆ ಇಡೀ ಸನ್ನಿವೇಶ ಒಟ್ಟಿಗೇ ಕಾಣುತ್ತದೆ. ಬೆನ್ನರ್ ಹೇಳಿದ ಇನ್ನೊಂದು ಮಾತು ನನಗೆ ಹೆಚ್ಚು ತಟ್ಟಿತು: ನುರಿತ ನರ್ಸ್ ಕೂಡ ತನಗೆ ಅನುಭವವೇ ಇಲ್ಲದ ಬಗೆಯ ರೋಗಿಗಳ ನಡುವೆ ಬಂದು ನಿಂತರೆ ಮತ್ತೆ ಹೊಸಬರ ಹಂತಕ್ಕೆ ಇಳಿಯಬಹುದು. ಅಂದಮೇಲೆ ಲ್ಯಾಬಿನಿಂದ ಬಂದ ನನ್ನ ಗತಿ ಕೇಳಬೇಕೆ? ಅನುಭವ ಎಂಬುದು ದರ್ಜೆಯಾಗಿ ನನ್ನ ಜೊತೆ ಬರಲಿಲ್ಲ, ಅಭ್ಯಾಸಗಳಾಗಿ ಮಾತ್ರ ಬಂತು. ಅವುಗಳಲ್ಲಿ ಕೆಲವು ಕೈಹಿಡಿದವು, ಕೆಲವನ್ನು ಬಿಡಿಸಿಕೊಳ್ಳಲು ವರ್ಷಗಳೇ ಬೇಕಾದವು.

ಕೈಹಿಡಿದವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹೆಸರು ಮತ್ತು ನಂಬರು ಎರಡೂ ತಾಳೆಯಾಗದೆ ಟ್ಯೂಬನ್ನು ಯಂತ್ರಕ್ಕೆ ಇಡಬಾರದೆಂಬ ಲ್ಯಾಬಿನ ಕಟ್ಟುನಿಟ್ಟು, ರೋಗಿಯ ಕೈಪಟ್ಟಿ ನೋಡದೆ ಮಾತ್ರೆ ಕೊಡಬಾರದೆಂಬ ವಾರ್ಡಿನ ಕಟ್ಟುನಿಟ್ಟಾಗಿ ಸಲೀಸಾಗಿ ಬದಲಾಯಿತು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಸರಿಗಳನ್ನು ಸಹಪಾಠಿಗಳು ಬಾಯಿಪಾಠ ಮಾಡುತ್ತಿದ್ದಾಗ ನನ್ನ ಕೈಗೆ ಅದು ಆಗಲೇ ಗೊತ್ತಿತ್ತು. ನೇರಳೆ ಮುಚ್ಚಳದ ಟ್ಯೂಬನ್ನು ಮೊದಲು ತುಂಬಿಸಿ ಆಮೇಲೆ ಸೀರಮ್ ಟ್ಯೂಬಿಗೆ ಹೋದರೆ ಏನಾಗುತ್ತದೆ ಎಂಬುದನ್ನೂ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ನೇರಳೆ ಟ್ಯೂಬಿನಲ್ಲಿ ಹಾಕಿರುವ ಪೊಟ್ಯಾಸಿಯಂ ಇಡಿಟಿಎ ಎಂಬ ರಾಸಾಯನಿಕ ಒಂದಿಷ್ಟು ಬೆರೆತರೂ ಸಾಕು, ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ಡ್ರಿಪ್ ಹಾಕಿರುವ ತೋಳಿನಿಂದ ರಕ್ತ ತೆಗೆಯಬಾರದೇಕೆ ಎಂದು ಕಿರಿಯರಿಗೆ ನಾನೇ ವಿವರಿಸುತ್ತಿದ್ದೆ. ಹಾಗೆ ವಿವರಿಸುವಾಗ ನನ್ನ ದನಿಯಲ್ಲಿ ಸ್ವಲ್ಪ ಗತ್ತು ಇರುತ್ತಿತ್ತು ಎಂದು ಒಬ್ಬಳು ಆಮೇಲೆ ನಗುತ್ತಾ ಹೇಳಿದಳು.

ಬಿಡಿಸಿಕೊಳ್ಳಬೇಕಾದದ್ದು ಅಂಕಿಯ ಮೇಲಿನ ಮೋಹ. ವಾರ್ಡಿಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಮಾನಿಟರಿಗೆ ಹೋಗುತ್ತಿತ್ತು, ಆಮೇಲೆ ವರದಿಯ ಫೈಲಿಗೆ, ಕೊನೆಗೆ ಮುಖಕ್ಕೆ. ಇದನ್ನು ಮೊದಲು ಗಮನಿಸಿದ ಹಿರಿಯ ನರ್ಸ್ ಒಬ್ಬರು ಬೈಯಲಿಲ್ಲ, ಒಂದು ಕೆಲಸ ಹಚ್ಚಿದರು: ಒಂದು ವಾರ ಪೂರ್ತಿ ಎಲ್ಲ ರೋಗಿಗಳ ಉಸಿರಾಟವನ್ನು ನಾನೇ ಎಣಿಸಬೇಕು, ಒಂದು ಪೂರ್ಣ ನಿಮಿಷ, ವಾಚು ಹಿಡಿದು. ನಾಡಿಯನ್ನು ಯಂತ್ರ ತೋರಿಸುತ್ತದೆ, ರಕ್ತದೊತ್ತಡವನ್ನು ಯಂತ್ರ ಅಳೆಯುತ್ತದೆ. ಉಸಿರಿನ ಗತಿಯನ್ನು ಮಾತ್ರ ಬಹುತೇಕ ವಾರ್ಡುಗಳಲ್ಲಿ ಇಂದಿಗೂ ಮನುಷ್ಯರೇ ಎಣಿಸಬೇಕು. ಹಾಗಾಗಿಯೇ ಎಣಿಸದೆ ಅಂದಾಜಿನಲ್ಲಿ ಬರೆದುಬಿಡುವ ಚಾಳಿಯೂ ಇದೆ. ಆರೋಗ್ಯವಂತ ವಯಸ್ಕರ ಉಸಿರಾಟ ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20. ದೇಹದೊಳಗೆ ಏನೋ ಕೆಡುತ್ತಿದೆ ಎಂಬುದನ್ನು ಎಷ್ಟೋ ಸಲ ರಕ್ತದೊತ್ತಡಕ್ಕಿಂತ ಮೊದಲೇ ಹೇಳುವುದು ಈ ಎಣಿಕೆ.

ಎಣಿಸುವುದಕ್ಕೊಂದು ಉಪಾಯವಿದೆ. ಎಣಿಸುತ್ತಿದ್ದಾರೆ ಎಂದು ತಿಳಿದರೆ ರೋಗಿಯ ಉಸಿರು ತಾನಾಗಿಯೇ ಬದಲಾಗುತ್ತದೆ. ಆದ್ದರಿಂದ ಮಣಿಕಟ್ಟು ಹಿಡಿದು ನಾಡಿ ನೋಡುವವರಂತೆ ಕೂತು, ಕಣ್ಣನ್ನು ಎದೆಯ ಏರಿಳಿತದ ಮೇಲಿಡಬೇಕು. ಒಂದು ನಿಮಿಷ ಎಷ್ಟು ದೀರ್ಘ ಎಂಬುದು ಹಾಗೆ ಕೂತವರಿಗಷ್ಟೇ ಗೊತ್ತು. ಮೊದಲ ಹದಿನೈದು ಸೆಕೆಂಡಿನಲ್ಲಿ ಎದೆ ಕಾಣುತ್ತದೆ. ಆಮೇಲೆ ಕುತ್ತಿಗೆಯ ಸ್ನಾಯು ಪ್ರತಿ ಉಸಿರಿಗೂ ಸೆಟೆಯುತ್ತಿರುವುದು ಕಾಣುತ್ತದೆ, ಮೂಗಿನ ಹೊಳ್ಳೆ ಅಗಲವಾಗುವುದು ಕಾಣುತ್ತದೆ, ತುಟಿಯ ಒಣಗು, ಹೊದಿಕೆಯ ಅಂಚನ್ನು ಹಿಡಿದ ಬೆರಳುಗಳು. ಹಿಡಿದ ಮಣಿಕಟ್ಟು ಬಿಸಿಯೋ ತಣ್ಣಗೋ, ಒಣಗಿದೆಯೋ ಬೆವರಿದೆಯೋ ತಿಳಿಯುತ್ತದೆ. ವಾರದ ಕೊನೆಗೆ ಹಾಳೆಯಲ್ಲಿ ನಾನು ಬರೆದದ್ದು ಒಂದೊಂದೇ ಅಂಕಿ, ಆದರೆ ಆ ಅಂಕಿಯನ್ನು ಪಡೆಯಲು ರೋಗಿಯ ಪಕ್ಕದಲ್ಲಿ ಸುಮ್ಮನೆ ಇರಬೇಕಾಗಿತ್ತು. ನರ್ಸಿಂಗ್ ಎಂದರೇನೆಂದು ವಿವರಿಸಿದ ವರ್ಜೀನಿಯಾ ಹೆಂಡರ್ಸನ್, ಮನುಷ್ಯ ತನಗೆ ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳನ್ನು 14 ಅಗತ್ಯಗಳಾಗಿ ಪಟ್ಟಿ ಮಾಡಿದ್ದಾರೆ. ಆ ಪಟ್ಟಿಯ ಮೊದಲನೆಯದು ಸಹಜವಾಗಿ ಉಸಿರಾಡುವುದು. ತರಗತಿಯಲ್ಲಿ ಅದನ್ನು ಓದಿ ಹಾಳೆ ತಿರುಗಿಸಿದ್ದೆ. ಇದನ್ನೂ ಪಟ್ಟಿಯಲ್ಲಿ ಬರೆಯಬೇಕಿತ್ತೇ ಎಂದುಕೊಂಡಿದ್ದೆ.

ಈ ಕೆಲಸಕ್ಕೆ ನಮ್ಮಲ್ಲಿ ಶುಶ್ರೂಷೆ ಎಂಬ ಪದವಿದೆ. ಸೇವೆ, ಉಪಚಾರ ಎಂಬ ಅರ್ಥದಲ್ಲಿ ಅದನ್ನು ಬಳಸಿ ಬಳಸಿ ಮೂಲವನ್ನು ಮರೆತಿದ್ದೇವೆ. ಶ್ರವಣ, ಶ್ರೋತೃ ಪದಗಳಿರುವ 'ಶ್ರು' ಧಾತುವಿನಿಂದಲೇ ಬಂದ ಸಂಸ್ಕೃತ ಪದ ಇದು; ಕೇಳಬೇಕೆಂಬ ಬಯಕೆ ಎಂಬುದು ಇದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಲು ಬಯಸುವವನು ಅವರ ಬಳಿಯಿದ್ದು ಸೇವೆ ಮಾಡುತ್ತಿದ್ದುದರಿಂದ ಸೇವೆ ಎಂಬ ಅರ್ಥವೂ ಸೇರಿಕೊಂಡಿರಬೇಕು. ಪದಗಳ ವ್ಯುತ್ಪತ್ತಿ ಹಿಡಿದು ತತ್ತ್ವ ಹೇಳುವವರನ್ನು ಕಂಡರೆ ನನಗೆ ಅಷ್ಟಾಗಿ ಆಗದು. ಆದರೂ ಆ ರಾತ್ರಿ ಸ್ಟೂಲ್ ಎಳೆದುಕೊಂಡು ಕೂತ ನರ್ಸ್ ಮಾಡಿದ್ದು ಅಕ್ಷರಶಃ ಇದನ್ನೇ, ಟ್ಯೂಬ್ ಹಿಡಿದು ನಿಂತ ನನಗೆ ಬಾರದೇ ಇದ್ದದ್ದೂ ಇದೇ.

ಹಳೆಯ ಫೋನಿನ ಮಾತು ನನ್ನನ್ನು ಹುಡುಕಿಕೊಂಡು ಬಂದದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಬೆಳಗಿನ ಜಾವ ಸುಸ್ತಾಗಿ ಮಲಗಿದ್ದರು. ಸೀರಮ್ ಪೊಟ್ಯಾಸಿಯಂ ನೋಡಬೇಕಿತ್ತು. ಮೊಣಕೈ ಮಡಚುವ ಜಾಗದಲ್ಲಿ ಹಲವು ದಿನಗಳ ಸೂಜಿಯ ಗುರುತುಗಳು, ಚರ್ಮ ಕಾಗದದಂತೆ ತೆಳು, ಮುಟ್ಟಿದರೆ ಜಾರಿಕೊಳ್ಳುವ ನರ. ಕಟ್ಟಿದ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಬಾರದು, ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಹಿಡಿಸಬಾರದು, ಸಣ್ಣ ಸೂಜಿ ಹಾಕಿ ಸಿರಿಂಜನ್ನು ಜೋರಾಗಿ ಎಳೆಯಬಾರದು. ಇಷ್ಟನ್ನೂ ನಾನು ಒಂದು ಕಾಲದಲ್ಲಿ ಬೇರೆಯವರಿಗೆ ಉಪದೇಶಿಸಿದವಳು. ಎರಡು ಕಡೆ ಚುಚ್ಚಿ ಸೋತು, ಮೂರನೆಯ ಸಲ ಮುಂಗೈ ಹಿಂಬದಿಯಲ್ಲಿ ರಕ್ತ ಬಂತು, ಬಹಳ ನಿಧಾನವಾಗಿ. ಅಜ್ಜಿ ಹಲ್ಲು ಕಚ್ಚಿಕೊಂಡಿದ್ದರು. ಬೇಗ ಮುಗಿಸೋಣವೆಂದು ಎಳೆದೆ.

ಮುಕ್ಕಾಲು ಗಂಟೆಯ ನಂತರ ಫೋನ್ ಬಂತು. ಲ್ಯಾಬಿನ ಹುಡುಗನ ದನಿ ಚುರುಕಾಗಿತ್ತು: "ಸಿಸ್ಟರ್, ಸ್ಯಾಂಪಲ್ ಹಿಮೋಲೈಸ್ ಆಗಿದೆ, ಮತ್ತೆ ಕಳಿಸಿ." ನಾನು "ಸರಿ" ಎನ್ನುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

ಅವನ ಮೇಲೆ ಸಿಟ್ಟು ಬಂದದ್ದು ನಿಜ. ಅವನು ಹೇಳಿದ್ದು ಸರಿ ಎಂದು ನನಗಿಂತ ಚೆನ್ನಾಗಿ ತಿಳಿದವರು ಆ ವಾರ್ಡಿನಲ್ಲಿ ಯಾರೂ ಇರಲಿಲ್ಲ ಎಂಬುದರಿಂದ ಆ ಸಿಟ್ಟು ಇನ್ನಷ್ಟು ಹೆಚ್ಚಿತು. ಮಂಚದ ಬಳಿ ಹೋದಾಗ ಅಜ್ಜಿ ಕಣ್ಣು ತೆರೆದು, "ಮತ್ತೆ ಬಂದ್ಯಾ?" ಎಂದರು. "ಹೂಂ ಅಜ್ಜಿ, ಆಗ ತೆಗೆದದ್ದು ಕೆಟ್ಟುಹೋಯ್ತು. ತಪ್ಪು ನನ್ನದೇ" ಎಂದೆ. ಅವರು ಏನೂ ಹೇಳದೆ ಇನ್ನೊಂದು ಕೈಯನ್ನು ಹೊದಿಕೆಯಿಂದ ಹೊರತೆಗೆದು ಇಟ್ಟರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಕೈಗೆ ಸುತ್ತಿ, ಕೈಯನ್ನು ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು, ಐದು ನಿಮಿಷ ಪಕ್ಕದಲ್ಲಿ ಕೂತೆ. ನರ ಮೇಲೆದ್ದಿತು. ಈ ಸಲ ಚುಚ್ಚಲು ಹಿರಿಯ ನರ್ಸನ್ನು ಕರೆದೆ. ನನ್ನ ಕೈ ನಡುಗುತ್ತಿದೆ ಎಂದು ಒಪ್ಪಿಕೊಳ್ಳುವುದಕ್ಕೆ ನಲವತ್ತು ದಾಟಿದ ವಯಸ್ಸು ಇಪ್ಪತ್ತಕ್ಕಿಂತ ಅನುಕೂಲವೇ. ಎರಡನೆಯ ವರದಿಯಲ್ಲಿ ಪೊಟ್ಯಾಸಿಯಂ 4.4 ಇತ್ತು.

ನನ್ನ ಕೈಯಲ್ಲಿ ಅಧಿಕಾರವಿದ್ದರೆ ಲ್ಯಾಬಿಗೆ ಸೇರುವ ಪ್ರತಿಯೊಬ್ಬರನ್ನೂ ಒಂದು ವಾರ ವಾರ್ಡಿನಲ್ಲಿ, ನರ್ಸಿಂಗ್ ವಿದ್ಯಾರ್ಥಿಗಳನ್ನು ಒಂದು ದಿನ ಸೆಂಟ್ರಿಫ್ಯೂಜಿನ ಮುಂದೆ ನಿಲ್ಲಿಸುತ್ತಿದ್ದೆ. ಒಂದು ದಿನ, ಒಂದು ವಾರ ಎಂಬ ವ್ಯತ್ಯಾಸವನ್ನು ಬೇಕೆಂದೇ ಮಾಡಿದ್ದೇನೆ, ಹಳೆಯ ಸಹೋದ್ಯೋಗಿಗಳು ಮುನಿಸಿಕೊಂಡರೂ ಸರಿಯೇ.

ಇನ್ನು ದೇಹದ ಮಾತು. ನಡುವಯಸ್ಸಿನಲ್ಲಿ ಈ ಕಡೆಗೆ ಬರುವವರಿಗೆ ಯಾರೂ ಮುಂಚಿತವಾಗಿ ಸರಿಯಾಗಿ ಹೇಳದೇ ಇರುವುದು ಇದನ್ನೇ. ತಾನಾಗಿ ಹೊರಳಲಾರದ ರೋಗಿಗಳನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೂಢಿ ಹಲವು ವಾರ್ಡುಗಳಲ್ಲಿದೆ. ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆ ಇರುವ ಕಡೆ ರಕ್ತ ಸಂಚಾರ ನಿಂತು ಹುಣ್ಣಾಗುವುದನ್ನು ತಡೆಯಲು. ಹಿಮ್ಮಡಿಯ ಕೆಂಪಿನ ಮೇಲೆ ಬೆರಳೊತ್ತಿ ಬಿಟ್ಟಾಗ ಅದು ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸಮಾಧಾನ. ಒತ್ತಿದರೂ ಕೆಂಪು ಹಾಗೆಯೇ ಉಳಿದರೆ ಗಾಯ ಒಳಗೆ ಆಗಲೇ ಶುರುವಾಗಿದೆ. ಪ್ರಯೋಗಾಲಯದ ಯಾವ ಪರೀಕ್ಷೆಯೂ ಹೇಳದ ಈ ಸುದ್ದಿಯನ್ನು ಹೆಬ್ಬೆರಳು ಹೇಳುತ್ತದೆ ಎಂಬುದು ನನಗೆ ಈಗಲೂ ಸೋಜಿಗವೇ. ಆದರೆ ಪಾಳಿಯೊಂದರಲ್ಲಿ ಅಷ್ಟು ಜನರನ್ನು ಅಷ್ಟು ಸಲ ಹೊರಳಿಸಿದ ಮೇಲೆ ಸ್ವಂತ ಸೊಂಟ ಬೇರೆಯೇ ಸುದ್ದಿ ಹೇಳುತ್ತದೆ. ರೋಗಿಯನ್ನು ಸರಿಸಲು ಮೈಯಡಿ ಹಾಸುವ ಜಾರುವ ಬಟ್ಟೆ ಬಳಸುವುದು, ಮಂಚವನ್ನು ನಮ್ಮ ಸೊಂಟದ ಎತ್ತರಕ್ಕೆ ಏರಿಸಿಕೊಳ್ಳುವುದು, ಒಬ್ಬರೇ ಎತ್ತಲು ಹೋಗದೆ ಇನ್ನೊಬ್ಬರನ್ನು ಕರೆಯುವುದು, ಇವನ್ನು ಕಲಿಸುವಾಗ ಇಪ್ಪತ್ತರವರು ನಗುತ್ತಾರೆ. ನಾನು ಟಿಪ್ಪಣಿ ಬರೆದುಕೊಂಡೆ. ಸಿರಿಂಜಿನ ಮೇಲಿನ ಗೆರೆ ಓದಲು ಕನ್ನಡಕ ಬೇಕೆಂಬುದನ್ನು ಒಪ್ಪಿಕೊಳ್ಳಲು ಎರಡು ತಿಂಗಳು ತಡಮಾಡಿದ್ದೊಂದೇ ನಾನು ಮಾಡಿದ ಮೂರ್ಖತನ. ಅಂಥ ಮೂರ್ಖತನಕ್ಕೆ ಇಲ್ಲಿ ಬೆಲೆ ತೆರುವವರು ಬೇರೆಯವರು.

ಕಳೆದ ತಿಂಗಳು ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಹದಿಮೂರು ವರ್ಷದಿಂದ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಫಾರ್ಮಸಿಸ್ಟ್ ಆಗಿರುವವಳು, ಅವಳಿಗೂ ಈ ಯೋಚನೆ ಬಂದಿದೆಯಂತೆ. ನಾನು ಉತ್ತೇಜನವನ್ನೂ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಔಷಧಗಳ ನಡುವಿನ ಸಂಬಂಧ, ಪ್ರಮಾಣದ ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಮಾತ್ರೆಯನ್ನು ಕೌಂಟರಿನಾಚೆಗೆ ಕೊಡುವುದಕ್ಕೂ, ನುಂಗಲಾರದವರ ಬಾಯಿಗೆ ಇಟ್ಟು ಅದು ಇಳಿಯುವವರೆಗೆ ಕಾಯುವುದಕ್ಕೂ ಇರುವ ದೂರವನ್ನು ಅವಳು ನಡೆದೇ ದಾಟಬೇಕು. ನನ್ನ ತರಗತಿಯಲ್ಲಿ ಫಿಸಿಯೋಥೆರಪಿಯಿಂದ ಬಂದ ಒಬ್ಬರಿದ್ದರು. ಮುಟ್ಟುವುದು, ಎಬ್ಬಿಸುವುದು, ನಡೆಸುವುದು ಎಲ್ಲವೂ ಅವರಿಗೆ ಸಲೀಸು. ಅರ್ಧ ಗಂಟೆಯ ವ್ಯಾಯಾಮ ಮುಗಿದ ಮೇಲೂ ರೋಗಿ ಅಲ್ಲೇ ಇರುತ್ತಾರೆ, ನಾವೂ ಇರಬೇಕು ಎಂಬುದೇ ಅವರಿಗೆ ಕಷ್ಟವಾದದ್ದು. ಆಂಬುಲೆನ್ಸಿನಿಂದ ಬಂದ ಇನ್ನೊಬ್ಬರಿಗೆ ಏನೂ ಆಗದ ರಾತ್ರಿಗಳೇ ಭಾರ.

ಸಂಬಳದ ಬಗ್ಗೆ ಕೇಳಿದಳು, ಇದ್ದದ್ದನ್ನು ಹೇಳಿದೆ. ಚಿಕ್ಕವರು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಕೇಳಿದಳು, ನೀನು ಅವರನ್ನು ಹೇಗೆ ನಡೆಸಿಕೊಳ್ಳುತ್ತೀ ಎಂಬುದರ ಮೇಲಿದೆ ಎಂದೆ. ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ನಿದ್ದೆ ಬರುತ್ತದೆಯೇ ಎಂದಾಗ, ಕಿಟಕಿಗೆ ದಪ್ಪ ಪರದೆ ಹಾಕಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿದರೂ ಮಧ್ಯಾಹ್ನಕ್ಕೆ ಎಚ್ಚರವಾಗಿಬಿಡುತ್ತದೆ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, ಅರ್ಜಿ ಹಾಕಲು ಕೊನೆಯ ದಿನ ಸಾಮಾನ್ಯವಾಗಿ ಯಾವ ತಿಂಗಳಲ್ಲಿ ಬರುತ್ತದೆ ಎಂದು ಕೇಳಿದಳು.